ಬಾನೆಟ್ಟಿನ ಮೇಲಿನ ಕಲ್ಲು

ಗಾಳಿಬೀಡಿನ ಜೀಪ್ ಸ್ಟ್ಯಾಂಡಿನಲ್ಲಿ ಒಂದು ಪದ್ಧತಿ ಉಂಟು. ಬೆಟ್ಟ ಹತ್ತುವಾಗ ಯಾರ ಜೀಪು ಏರಿನಲ್ಲಿ ಸೋತು ಹಿಂದಕ್ಕೆ ಬರುತ್ತದೋ, ಅವನ ಬಾನೆಟ್ಟಿನ ಮೇಲೆ ಉಳಿದ ಡ್ರೈವರುಗಳು ಒಂದು ಕಲ್ಲು ತಂದಿಡುತ್ತಾರೆ. ಸಣ್ಣ ಕಲ್ಲಲ್ಲ, ಚಕ್ರಕ್ಕೆ ಅಡ್ಡ ಕೊಡುವಂಥದ್ದು. ಸಂಜೆ ಸ್ಟ್ಯಾಂಡು ಖಾಲಿಯಾಗುವ ತನಕ ಅದನ್ನು ತೆಗೆಯುವ ಹಾಗಿಲ್ಲ. ಬಂದ ಪ್ರವಾಸಿಗಳು ಇದೇನೆಂದು ಕೇಳಿದರೆ ಉತ್ತರವನ್ನೂ ಅವನೇ ಹೇಳಬೇಕು. ಇಷ್ಟೇ ಶಿಕ್ಷೆ. ಆದರೆ ನೋಡಿ, ಅಷ್ಟಕ್ಕೇ ಒಳ್ಳೊಳ್ಳೆ ಗಂಡಸರು ಮುಖ ಸಣ್ಣ ಮಾಡಿಕೊಂಡು ಎರಡು ದಿನ ಸ್ಟ್ಯಾಂಡಿನ ಕಡೆ ಸುಳಿಯುವುದಿಲ್ಲ.

ಲೋಕೇಶನ ಬಾನೆಟ್ಟಿನ ಮೇಲೆ ಆ ಕಲ್ಲು ಒಮ್ಮೆಯೂ ಕೂತದ್ದಿಲ್ಲ. ಮೀಸೆ ಮೂಡುವ ಕಾಲಕ್ಕೆ ಸ್ಟೇರಿಂಗ್ ಹಿಡಿದವನು, ಈಗ ಆ ಮೀಸೆ ಪೂರ್ತಿ ನರೆತಿದೆ. ಮೊದಲು ಎಸ್ಟೇಟಿನ ಜೀಪು, ಆಮೇಲೆ ಬೆಟ್ಟದ ಮಂಜು ನೋಡಲು ಊರೂರಿನ ಜನ ಬರತೊಡಗಿದ ಮೇಲೆ ಸ್ವಂತದ್ದು. ತೋಟ ಅವನಿಗಿರಲಿಲ್ಲ, ಇದ್ದ ಗದ್ದೆ ಅಂಗೈಯಗಲ. ಊರಿನಲ್ಲಿ ಅವನಿಗೆ ಹೆಸರು ಅಂತ ಇದ್ದದ್ದು ಇದೊಂದರಿಂದಲೇ: ಲೋಕೇಶನ ಜೀಪು ಹಿಂದೆ ಬರುವುದಿಲ್ಲ.

ಮಾತು ಕಡಿಮೆ, ಕನಸು ಜಾಸ್ತಿ, ಅಂಥ ಮನುಷ್ಯ. ಬೆಟ್ಟದ ತುದಿಯಲ್ಲಿ ಪ್ರವಾಸಿಗಳು ಫೋಟೋ ಹೊಡೆದುಕೊಳ್ಳುವಾಗ ಅವನು ಸೀಟಿಗೊರಗಿ ಟೋಪಿ ಮುಖಕ್ಕೆಳೆದು ಜೋಂಪಿಗೆ ಜಾರುತ್ತಿದ್ದ. ಬೆಳಗಿನ ಹೊತ್ತು ಅಲ್ಲಿ ಮೋಡ ಕಾಲ ಕೆಳಗೆ ಇರುತ್ತದೆ. ಊರು, ತೋಟ, ರಸ್ತೆ ಎಲ್ಲ ಮುಳುಗಿ, ಅಲ್ಲೊಂದು ಇಲ್ಲೊಂದು ಗುಡ್ಡದ ನೆತ್ತಿ ಮಾತ್ರ ಕಾಣುತ್ತದೆ. ಆ ಜೋಂಪಿನಲ್ಲಿ ಅವನಿಗೆ ಯಾವಾಗಲೂ ಒಂದೇ ಕನಸು. ಜೀಪು ಬೆಟ್ಟದ ತುದಿಯಲ್ಲಿ ನಿಲ್ಲುವುದಿಲ್ಲ. ಹುಲ್ಲು ಮುಗಿದ ಕಡೆ ಮೋಡ ಶುರುವಾಗುತ್ತದೆ, ಚಕ್ರ ಅದರ ಮೇಲೆ ಮೆತ್ತಗೆ ಉರುಳುತ್ತದೆ, ಅವನು ಕಾಲು ಒತ್ತಿ ಹಿಡಿದಷ್ಟೂ ಜೀಪು ಏರುತ್ತಲೇ ಹೋಗುತ್ತದೆ. ಪಕ್ಕದ ಸೀಟಿನಲ್ಲಿ ಮಗಳು ಲಿಖಿತಾ. ಇನ್ನೂ ಎಷ್ಟು ದೂರ ಅಂತ ಅವಳು ಕೇಳುವುದಿಲ್ಲ, ಇವನು ಹೇಳುವುದೂ ಇಲ್ಲ.

ಆ ಮಗಳು ನಿಜವಾಗಿಯೂ ಮೋಡದ ಮೇಲೆ ಹೋದಳು ಅನ್ನುವುದು ಊರಿಗೆ ದೊಡ್ಡ ಸುದ್ದಿ, ಅವನಿಗೆ ಮಾತ್ರ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅವರ ಮನೆಮಾತು ಅರೆಭಾಷೆ. ಬೆಳೆದು ನಿಂತು ವಿಮಾನದ ಕಂಪನಿಗೆ ಸೇರಿದರೂ ಅವನ ಬಾಯಲ್ಲಿ ಅವಳು ಮನೆಯ ಹೆಣ್ಣುಮಗುವನ್ನು ಕರೆಯುವಂತೆ ಗೂಡೆಯೇ. ಸರ್ಕಾರದ ಸ್ಕಾಲರ್‌ಶಿಪ್ಪು ಹಿಡಿದು ವಿಮಾನ ಹಾರಿಸಲು ಕಲಿತಿದ್ದಳು. ಅದಕ್ಕೂ ಮೊದಲು ಅವಳು ಕಲಿತದ್ದು ಅಪ್ಪನ ಜೀಪು. ಕಾಲು ಪೆಡಲ್ಲಿಗೆ ಸರಿಯಾಗಿ ಎಟುಕುವ ಮೊದಲೇ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಕಲಿಸಿದ್ದ. ಬೆಟ್ಟದ ದಾರಿಯಲ್ಲಿ ಬಂಡೆ ತಿರುವು ಅಂತ ಒಂದುಂಟು, ಕಡಿದಾದ ಏರು, ಮೇಲೆಲ್ಲ ಸಡಿಲ ಕಲ್ಲು. ಅಲ್ಲಿ ಜೀಪಿನ ಮೂತಿ ಆಕಾಶ ನೋಡುವಾಗ ಹುಡುಗಿ ಹೆದರಿ ಕಾಲು ಸಡಿಲ ಮಾಡಿದರೆ ಅವನು ಗದರುತ್ತಿದ್ದ. ಏರು ಸಿಕ್ಕಿದ ಮೇಲೆ ಕಾಲು ತೆಗೆಯಬಾರದು, ಏನೇ ಆಗಲಿ ತೆಗೆಯಬಾರದು. ಅಷ್ಟೇ ಪಾಠ. ಅವಳು ಬೇಗ ಕಲಿತಳು. ಕಾಲೇಜಿಗೆ ಹೋಗುವ ಹೊತ್ತಿಗೆ ಸ್ಟ್ಯಾಂಡಿನ ಅರ್ಧ ಡ್ರೈವರುಗಳಿಗಿಂತ ಚೆನ್ನಾಗಿ ಬಂಡೆ ತಿರುವು ಹತ್ತಿಸುತ್ತಿದ್ದಳು.

ಹಾಗಿರುವಾಗ ಒಂದು ದಿನ ಫೋನು ಬಂತು. ಒಂದು ವಾರ ರಜೆ, ಮನೆಗೆ ಬರುತ್ತೇನೆ ಅಂದಳು. ದನಿ ಕೇಳಿಯೇ ಅವಳ ಅಮ್ಮ ಯಮುನಾ ಏನೋ ಸರಿ ಇಲ್ಲ ಅಂದಳು. ಲೋಕೇಶ ಮಡಿಕೇರಿ ಬಸ್ ಸ್ಟ್ಯಾಂಡಿಗೆ ಜೀಪು ತೆಗೆದುಕೊಂಡು ಹೋದ. ಮಂಜು ರಸ್ತೆಗಿಳಿದಿತ್ತು. ಜೀಪು ಮಡಿಕೇರಿ ಪೇಟೆ ದಾಟಿತು. ಆಮೇಲೆ ಹುಡುಗಿ ತಾನಾಗಿಯೇ ಹೇಳಿದಳು, ಪರೀಕ್ಷೆಯಲ್ಲಿ ಫೇಲಾಗಿದ್ದೇನೆ ಅಂತ.

ಆ ಪರೀಕ್ಷೆ ನಡೆಯುವುದು ನೆಲ ಬಿಡದ ಒಂದು ಕೋಣೆಯಲ್ಲಂತೆ. ಒಳಗೆ ಕೂತರೆ ಥೇಟ್ ವಿಮಾನವೇ. ಇಳಿಯಲು ರನ್‌ವೇ ಹತ್ತಿರ ಬಂದಾಗ ಮಳೆಯೋ ಮೋಡವೋ ಅಡ್ಡ ಬಂದರೆ ಇಳಿಯದೆ ಮತ್ತೆ ಮೇಲೆ ಹೋಗಿ, ಒಂದು ಸುತ್ತು ಹಾಕಿ ಬರಬೇಕು. ಇದು ದಿನಾ ಎಲ್ಲೋ ಒಂದು ಕಡೆ ನಡೆಯುವ ಕೆಲಸ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕಷ್ಟ ಇರುವುದು ಆ ಮೇಲೆ ಹೋಗುವ ಗಳಿಗೆಯಲ್ಲಿ. ನಿಧಾನಕ್ಕೆ ಇಳಿಯುತ್ತಾ ಬರುವಾಗ ಆಟೋಪೈಲಟ್ ಸದ್ದಿಲ್ಲದೆ ಬಾಲದ ರೆಕ್ಕೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮೂತಿ ಮೇಲಿರುವ ಹಾಗೆ ಮಾಡಿಟ್ಟಿರುತ್ತದೆ. ಆಗ ಒಮ್ಮೆಲೇ ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟರೆ, ಇಂಜಿನ್ನುಗಳು ರೆಕ್ಕೆಯ ಕೆಳಗೆ ತೂಗುವುದರಿಂದ ಅವೂ ಮೂತಿಯನ್ನು ಮೇಲಕ್ಕೆ ನೂಕುತ್ತವೆ. ಎರಡೂ ಸೇರಿದರೆ ವಿಮಾನ ತಾನಾಗಿ ಮೂತಿ ಎತ್ತುತ್ತಾ ಹೋಗುತ್ತದೆ. ಒಳಗಿದ್ದವರಿಗೆ ಏರುತ್ತಿದ್ದೇವೆ ಅನಿಸುತ್ತದೆ. ನಿಜಕ್ಕೂ ವೇಗ ಕರಗುತ್ತಿರುತ್ತದೆ.

ಇಷ್ಟು ಹೇಳಿ ಅವಳು ಜೀಪಿನ ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಅಂಗೈ ಚಪ್ಪಟೆ ಹಿಡಿದಾಗ ಮಂಜು ಮೇಲೂ ಕೆಳಗೂ ಹರಿದು ಹೋಯಿತು. ಸ್ವಲ್ಪ ಮೇಲಕ್ಕೆ ತಿರುಗಿಸಿದಾಗ ಕೈ ತಾನಾಗಿ ತೇಲಿ ಎದ್ದಿತು. ಇನ್ನೂ ತಿರುಗಿಸಿದಳು, ಕೈ ನಡುಗಿತು, ಆಮೇಲೆ ಗಾಳಿ ಅದನ್ನು ಹಿಂದಕ್ಕೆ ತಳ್ಳಿಬಿಟ್ಟಿತು. ಅಂಥ ಗಳಿಗೆಯಲ್ಲಿ ರೆಕ್ಕೆ ಗಾಳಿಯ ಹಿಡಿತ ಬಿಡುತ್ತದೆ, ಆಮೇಲೆ ಅದು ವಿಮಾನವಲ್ಲ, ಬರೀ ಭಾರ ಅಂದಳು. ಉಳಿಯುವ ದಾರಿ ಒಂದೇ. ತನ್ನತ್ತ ಎಳೆದರೆ ಮೂತಿ ಏಳಿಸುವ ಹಿಡಿಯೊಂದಿರುತ್ತದೆ, ಅದನ್ನು ಎಳೆಯುವುದು ಬಿಟ್ಟು ಮುಂದಕ್ಕೆ ತಳ್ಳಿ ಮೂತಿ ಇಳಿಸಬೇಕು, ಬೇಕಾದರೆ ಜೋರನ್ನೂ ಇಳಿಸಬೇಕು. ನೆಲ ಅಲ್ಲೇ ಕೆಳಗೆ ಕಾಣುತ್ತಿರುವಾಗ ನೆಲದ ಕಡೆಗೇ ಮೂತಿ ತಿರುಗಿಸಬೇಕು. ಅವಳಿಗೆ ಇದೆಲ್ಲ ಬಾಯಿಪಾಠ. ಆದರೂ ಪರೀಕ್ಷೆಯಲ್ಲಿ ಎಚ್ಚರಿಕೆಯ ಸದ್ದು ಬಂದಾಗ, ಕೈಯಲ್ಲಿದ್ದ ಹಿಡಿ ಗಡಗಡ ನಡುಗಿದಾಗ, ಅವಳು ಪೂರ್ತಿ ಜೋರು ಕೊಟ್ಟು ಎಳೆದೇ ಹಿಡಿದಳು. ಒಮ್ಮೆಯಲ್ಲ, ಮತ್ತೆ ಕೊಟ್ಟ ಅವಕಾಶದಲ್ಲೂ ಹಾಗೆಯೇ. ಇನ್ನು ಉಳಿದದ್ದು ಒಂದೇ ಪರೀಕ್ಷೆ. ಅದೂ ಹೋದರೆ ಕಂಪನಿ ಅವಳನ್ನು ಮನೆಗೆ ಕಳಿಸುತ್ತದೆ.

ಗೊತ್ತಿದ್ದೂ ಯಾಕೆ ಹಾಗೆ ಮಾಡಿದೆ ಅಂತ ಲೋಕೇಶ ಕೇಳಿದ.

"ಎಂತ ಮಾಡೋದಪ್ಪ," ಅಂದಳು, ಸಣ್ಣಗೆ ನಕ್ಕು. "ಮೂತಿ ಮೇಲೆ ಎದ್ದ ಕೂಡ್ಲೆ ನಂಗೆ ಬಂಡೆ ತಿರುವು ನೆನಪಾಗ್ತದೆ. ಏರಲ್ಲಿ ಕಾಲು ತೆಗೀಬಾರ್ದು ಅಂತ ನೀವೇ ಕಲ್ಸಿದ್ದಲ್ವಾ."

ಅವಳು ದೂರುವುದಕ್ಕೆ ಹೇಳಿದ ಮಾತಲ್ಲ ಅದು. ಆದರೆ ಲೋಕೇಶನಿಗೆ ಎದೆಗೆ ಗುದ್ದಿದ ಹಾಗಾಯಿತು.

ಆ ಮೇಲಿನ ದಿನಗಳಲ್ಲಿ ಅವನ ಸಿಡುಕು ಹೇಳತೀರದು. ಯಮುನಾ ಹಾಕಿದ ಕಾಫಿ ಸರಿ ಇಲ್ಲ, ಕೋಳಿ ಅಂಗಳಕ್ಕೆ ಬಂದದ್ದು ಸರಿ ಇಲ್ಲ, ಆಕಾಶದಲ್ಲಿ ಮೋಡ ಇದ್ದದ್ದೂ ಸರಿ ಇಲ್ಲ. ಆ ಕೋಣೆಯ ಯಂತ್ರದಲ್ಲೇ ಏನೋ ದೋಷ ಇರಬೇಕು ಅಂತ ಒಮ್ಮೆ ವಾದಿಸಿದ. ನಿಮ್ಮ ತಲೆ ದೋಷ ಅಂದಳು ಯಮುನಾ. ಅವಳಿಗೆ ಯಾವಾಗಲೂ ಗಂಡನ ರೋಗ ಬೇಗ ತಿಳಿಯುತ್ತದೆ, ಮದ್ದು ಮಾತ್ರ ಹೇಳುವುದಿಲ್ಲ. ಬೆಟ್ಟದ ಮೇಲೆ ಜೋಂಪು ಹತ್ತಿದರೆ ಈಗ ಆ ಹಳೆಯ ಕನಸೇ ಬೇರೆ ಥರ ಬರುತ್ತಿತ್ತು. ಜೀಪು ಮೋಡದ ಮೇಲೆ ಏರುತ್ತದೆ, ಏರುತ್ತದೆ, ಆಮೇಲೆ ಇಂಜಿನ್ನಿನ ಸದ್ದು ಎಲ್ಲೋ ದೂರ ಹೋಗುತ್ತದೆ. ಜೀಪು ಆಕಾಶಕ್ಕೆ ಮೂತಿ ಇಟ್ಟು ಹಾಗೇ ನಿಂತುಬಿಡುತ್ತದೆ. ಸ್ಟೇರಿಂಗ್ ಹಿಡಿದವಳು ಮಗಳು. ಬಿಡು ಅಂತ ಇವನಿಗೆ ಕೂಗಬೇಕು, ಆದರೆ ಬಾಯಿಗೆ ಆ ಶಬ್ದವೇ ಬರುವುದಿಲ್ಲ. ಬೆವತು ಎದ್ದರೆ ಸುತ್ತ ತಣ್ಣಗೆ ಮಂಜು, ಪ್ರವಾಸಿಗಳ ನಗು.

ಅವಳ ರಜೆ ಮುಗಿಯುವ ಮೊದಲು ಬಂದ ಭಾನುವಾರ ಬೆಳಿಗ್ಗೆ ಅವನು ಮಗಳನ್ನು ಜೀಪಿಗೆ ಹತ್ತಿಸಿ ಕೀ ಅವಳ ಕೈಗೆ ಕೊಟ್ಟ. ಬಂಡೆ ತಿರುವಿಗೆ ಹೋಗು, ನಡು ಏರಿನಲ್ಲಿ ಚಕ್ರ ತಿರುಗಿ ಕಲ್ಲು ಹಾರತೊಡಗಿದಾಗ ನಾನು ಹೇಳುತ್ತೇನೆ, ಆಗ ಕಾಲು ತೆಗೆದು, ಬ್ರೇಕ್ ಹಿಡಿದು, ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಬಾ ಅಂದ. ಅದು ಜೀಪು ಬಲ್ಲ ಯಾರಿಗೂ ತಿಳಿದಿರುವ ಕ್ರಮವೇ. ಆದರೆ ಗಾಳಿಬೀಡಿನಲ್ಲಿ ಅದನ್ನು ಯಾರೂ ಬೇಕೆಂದು ಮಾಡುವುದಿಲ್ಲ.

ಅವಳು ಹತ್ತಿಸಿದಳು. ಚಕ್ರ ತಿರುಗಿತು, ಕಲ್ಲು ಹಾರಿತು, ರಬ್ಬರಿನ ವಾಸನೆ ಬಂತು. ಬಿಡು ಅಂತ ಅವನು ಹೇಳಿದ. ಮತ್ತೆ ಹೇಳಿದ. ಹುಡುಗಿಯ ತುಟಿ ಬಿಗಿದಿತ್ತು, ಬಲಗಾಲು ಪೆಡಲ್ಲಿಗೆ ಅಂಟಿಕೊಂಡ ಹಾಗಿತ್ತು. ಜೀಪು ಅಡ್ಡಡ್ಡ ಹೊರಳಾಡಿ, ಕೊನೆಗೆ ಮೇಲೆ ಹೋಗಿಯೇ ಬಿಟ್ಟಿತು! ಬೇರೆ ದಿನವಾಗಿದ್ದರೆ ಲೋಕೇಶ ಹೆಮ್ಮೆಯಿಂದ ಮೀಸೆ ತಿರುವುತ್ತಿದ್ದ. ಅವತ್ತು ತುದಿಯಲ್ಲಿ ಜೀಪು ನಿಲ್ಲಿಸಲು ಹೇಳಿದ. ಕೆಳಗೆ ಮೋಡ ತುಂಬಿತ್ತು.

"ನಂಗೆ ಆಗುದಿಲ್ಲಪ್ಪ," ಅಂದಳು ಅವಳು, ಸ್ಟೇರಿಂಗಿನ ಮೇಲೆ ಹಣೆ ಇಟ್ಟು.

ಲೋಕೇಶ ಮೋಡವನ್ನು ನೋಡುತ್ತಾ ಕೂತ. ಅವನಿಗೆ ಆಗ ಹೊಳೆದದ್ದು ದೊಡ್ಡದೇನಲ್ಲ. ಹುಟ್ಟಿದಾಗಿನಿಂದ ಈ ಹುಡುಗಿ ತನ್ನ ಅಪ್ಪ ಹಿಂದೆ ಬಂದದ್ದನ್ನು ನೋಡಿಯೇ ಇಲ್ಲ. ಹಿಂದೆ ಬಂದರೆ ಏನಾಗುತ್ತದೆ ಅಂತ ಅವಳಿಗೆ ಹೇಗೆ ಗೊತ್ತಿರಬೇಕು? ತನಗೇ ಗೊತ್ತಿಲ್ಲ.

ಕೆಳಗಿಳಿದು ಬಂದಾಗ ಭಾನುವಾರದ ಜಾತ್ರೆ ಶುರುವಾಗಿತ್ತು. ಬಂಡೆ ತಿರುವಿನ ಬುಡದಲ್ಲಿ ಪ್ರವಾಸಿಗಳನ್ನು ತುಂಬಿಕೊಂಡ ಜೀಪುಗಳ ಸಾಲು, ಎಲ್ಲಕ್ಕೂ ಮುಂದೆ ಮಂಜೇಶನದ್ದು. ಮಂಜೇಶ ಇವನ ಜೊತೆಗೇ ಡ್ರೈವಿಂಗ್ ಕಲಿತವನು, ವರ್ಷಕ್ಕೊಮ್ಮೆಯಾದರೂ ಬಾನೆಟ್ಟಿನ ಮೇಲೆ ಕಲ್ಲು ಹೊತ್ತವನು, ಲೋಕೇಶನಿಗೂ ಒಂದು ದಿನ ಬರುತ್ತದೆ ಅಂತ ಅಷ್ಟೂ ವರ್ಷ ಕಾದವನು. ಲೋಕೇಶ ಮಗಳನ್ನು ಪಕ್ಕದ ಸೀಟಿಗೆ ಕಳಿಸಿ ತಾನು ಸ್ಟೇರಿಂಗ್ ಹಿಡಿದ. ನಾನು ಮೊದಲು ಹೋಗುತ್ತೇನೆ ಅಂತ ಮಂಜೇಶನಿಗೆ ಕೈ ತೋರಿಸಿದ. ಕಾಲು ನೋಡು ಅಂತ ಮಗಳಿಗೆ ಹೇಳಿದ.

ನಡು ಏರು. ಮೂತಿ ಆಕಾಶಕ್ಕೆ. ಇನ್ನೂ ಸ್ವಲ್ಪ ಒತ್ತಿದರೆ ಹತ್ತುತ್ತದೆ ಅಂತ ಅವನ ಇಡೀ ಮೈ ಹೇಳುತ್ತಿತ್ತು. ಆ ಗಳಿಗೆ ಎಷ್ಟು ಉದ್ದ ಇತ್ತೆಂದರೆ, ಅವನಿಗೆ ತನ್ನ ಕನಸಿನೊಳಗೇ ಕೂತ ಹಾಗಾಯಿತು. ಇಂಜಿನ್ನಿನ ಸದ್ದು ದೂರ ಹೋಯಿತು, ಗಾಜಿನ ತುಂಬ ಬರೀ ಬಿಳಿ. ಆಮೇಲೆ ಲಿಖಿತಾ ನೋಡಿದಳು, ಅಪ್ಪನ ಕಾಲು ಪೆಡಲ್ಲಿನಿಂದ ಮೇಲೆ ಬಂತು.

ಜೀಪು ಮೆತ್ತಗೆ, ನೇರವಾಗಿ, ಅಷ್ಟೂ ಜನರ ಕಣ್ಣೆದುರು ಹಿಂದಕ್ಕೆ ಇಳಿಯಿತು. ಮಂಜೇಶ ಓಡಿ ಬಂದು ಬ್ರೇಕ್ ಹೋಯಿತಾ, ಎದೆ ನೋವಾ ಅಂತ ಗಾಬರಿಯಲ್ಲಿ ಕೇಳಿದ. ಬ್ರೇಕಿಗೆ ಏನೂ ಆಗಿಲ್ಲ, ನಾನೇ ಬಿಟ್ಟೆ ಅಂದ ಲೋಕೇಶ. ಒಂದು ಉಸಿರು ತೆಗೆದುಕೊಂಡು, ಸ್ವಲ್ಪ ಎಡಕ್ಕೆ ಗಟ್ಟಿ ನೆಲ ನೋಡಿ ಮತ್ತೆ ಹತ್ತಿಸಿದ. ಈ ಸಲ ಜೀಪು ಒಂದು ಕಲ್ಲನ್ನೂ ಹಾರಿಸದೆ ಮೇಲೆ ಹೋಯಿತು.

ಸ್ಟ್ಯಾಂಡಿಗೆ ಬಂದಾಗ ಯಾರೂ ಮುಂದೆ ಬರಲಿಲ್ಲ. ಇಷ್ಟು ವರ್ಷ ಕಾದ ಮಂಜೇಶನೇ ಕೈ ಕಟ್ಟಿಕೊಂಡು ನೆಲ ನೋಡುತ್ತಾ ನಿಂತಿದ್ದ.

"ಎಂತ ನೋಡ್ತಾ ನಿಂತಿದ್ದೀಯ ಮಾರಾಯ," ಅಂದ ಲೋಕೇಶ. "ಇಡು."

ಮಂಜೇಶ ಕಲ್ಲು ತಂದಿಟ್ಟ. ಇಡುವಾಗ ಬಾನೆಟ್ಟಿಗೆ ಗೀರು ಬೀಳದ ಹಾಗೆ ಎರಡೂ ಕೈಯಲ್ಲಿ ಮೆಲ್ಲಗೆ ಇಟ್ಟ. ಸಂಜೆಯ ತನಕ ಆ ಕಲ್ಲು ಅಲ್ಲೇ ಇತ್ತು. ಬಂದ ಬಂದ ಪ್ರವಾಸಿಗಳು ಕೇಳಿದರು. ಏರಿನಲ್ಲಿ ಹಿಂದೆ ಬಂದೆ, ಅದಕ್ಕೆ ಅಂತ ಲೋಕೇಶ ಹೇಳಿದ. ಮೊದಲ ಸಲ ಹೇಳುವಾಗ ಕಿವಿ ಬಿಸಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಬಿಸಿಯೂ ಆಗಲಿಲ್ಲ. ಲಿಖಿತಾ ಇಡೀ ದಿನ ಅವನ ಪಕ್ಕದಲ್ಲೇ ಕೂತು ಆ ಕಲ್ಲನ್ನೂ ಅಪ್ಪನನ್ನೂ ನೋಡಿದಳು. ಸಂಜೆ ಜನ ಖಾಲಿಯಾದ ಮೇಲೆ ತಾನೇ ಕೀ ಕೇಳಿದಳು. ಬಂಡೆ ತಿರುವಿನ ನಡು ಏರಿನಲ್ಲಿ, ಯಾರೂ ಹೇಳುವ ಮೊದಲೇ, ಕಾಲು ತೆಗೆದಳು. ಕೆಳಗೆ ಬಂದಾಗ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಉಳಿದ ಪರೀಕ್ಷೆ ಪಾಸಾಯಿತು. ಆದರೆ ಲೋಕೇಶನ ಎದೆಯ ಮುಳ್ಳು ಪೂರ್ತಿ ಹೋಗಲಿಲ್ಲ. ಅದು ನೆಲ ಬಿಡದ ಕೋಣೆ ತಾನೇ, ನಿಜವಾದ ಮೋಡದಲ್ಲಿ, ನಿಜವಾದ ಜನ ಹಿಂದೆ ಕೂತಿರುವಾಗ ಅವಳ ಕೈ ಯಾರ ಮಾತು ಕೇಳುತ್ತದೆ ಅಂತ ಅವನಿಗೆ ಒಳಗೊಳಗೇ ಕೊರೆಯುತ್ತಿತ್ತು. ಮಳೆಗಾಲ ಶುರುವಾದ ಮೇಲೆ ಅವಳು ಅಪ್ಪ ಅಮ್ಮನನ್ನು ತನ್ನ ವಿಮಾನಕ್ಕೆ ಕರೆದಳು. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ವಿಮಾನದಲ್ಲಿ ಮಂಗಳೂರಿಗೆ ಬಂದು, ಮತ್ತೆ ಬಸ್ಸಿನಲ್ಲಿ ಸಂಪಾಜೆ ಘಾಟಿ ಹತ್ತಿ ಮನೆಗೆ. ಇದೆಂಥ ಸುತ್ತು ಅಂತ ಮಂಜೇಶ ನಕ್ಕ. ಹೊರಡುವ ಮೊದಲು ಲಿಖಿತಾ ಫೋನಿನಲ್ಲಿ, ನಾವಿಬ್ಬರು ಪೈಲಟ್ಟುಗಳಲ್ಲಿ ಇವತ್ತು ಇಳಿಸುವ ಸರದಿ ನನ್ನದು ಅಂದಳು.

ಮೇಲೆ ಹೋದ ಮೇಲೆ ಲೋಕೇಶ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಅವನು ಜೋಂಪಿನಲ್ಲಿ ಕಂಡದ್ದೆಲ್ಲ ಅಲ್ಲಿತ್ತು, ಅದೇ ಬಿಳಿ, ಅದೇ ಮೆತ್ತಗಿನ ಹಾದಿ. ಇಳಿಯತೊಡಗಿದಾಗ ಆ ಬಿಳಿ ಬೂದಿ ಬಣ್ಣಕ್ಕೆ ತಿರುಗಿತು. ಗಾಜಿನ ಮೇಲೆ ಮಳೆ ಅಡ್ಡಡ್ಡ ಹರಿಯಿತು. ನೆಲ ಈಗ ಕಾಣುತ್ತದೆ, ಈಗ ಕಾಣುತ್ತದೆ ಅಂತ ಅವನು ಕಾದ. ಕಾಣಲಿಲ್ಲ. ಒಮ್ಮೆಲೇ ಇಂಜಿನ್ನು ಗುಡುಗಿ, ಬೆನ್ನು ಸೀಟಿಗೆ ಅಂಟಿಕೊಂಡಿತು.

ಇಳಿಯಲಿಲ್ಲ, ಮತ್ತೆ ಮೇಲೆ ಹೋಗುತ್ತಿದ್ದಾಳೆ ಅಂತ ಅವನಿಗೆ ತಕ್ಷಣ ತಿಳಿಯಿತು. ವಿಮಾನ ಬಾಲದ ಮೇಲೆ ನೆಟ್ಟಗೆ ನಿಂತ ಹಾಗೆ ಅನಿಸಿತು. ಮೋಡದೊಳಗೆ ಜೋರಾಗಿ ಮುಂದಕ್ಕೆ ನುಗ್ಗಿದಾಗ ಕಿವಿಯ ಒಳಗಿನ ತಕ್ಕಡಿ ಸುಳ್ಳು ಹೇಳುತ್ತದೆ, ಮೂತಿ ಇರುವುದಕ್ಕಿಂತ ಜಾಸ್ತಿ ಎದ್ದ ಹಾಗೆ ಅನಿಸುತ್ತದೆ, ನಾವು ನಂಬುವುದು ಎದುರಿನ ಮೀಟರುಗಳ ಮುಳ್ಳುಗಳನ್ನು ಮಾತ್ರ ಅಂತ ಅವಳು ಹೇಳಿದ್ದಳು. ಅದೂ ನೆನಪಾಯಿತು. ನೆನಪಾಗಿ ಪ್ರಯೋಜನವೇನು? ಅವನ ಎದುರಿಗೆ ಇದ್ದದ್ದು ಮುಂದಿನ ಸೀಟಿನ ಬೆನ್ನು. ಬಿಡು ಗೂಡೆ, ಬಿಡು ಅಂತ ಮನಸ್ಸಿನಲ್ಲೇ ಹೇಳಿಕೊಂಡ.

ಯಮುನಾ ಅವನ ತೊಡೆ ತಟ್ಟಿದಳು. "ಕಾಲು ತೆಗೀರಿ ಮಾರಾಯ್ರೆ. ರೊಟ್ಟಿ ಡಬ್ಬಿ ಚಪ್ಪಟೆ ಆಯ್ತು."

ಕೆಳಗೆ ನೋಡಿದರೆ ಅವನ ಬಲಗಾಲು ಮುಂದಿನ ಸೀಟಿನ ಅಡಿಗೆ ಇಟ್ಟ ಅವಳ ಬ್ಯಾಗನ್ನು ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿ ಹಿಡಿದಿತ್ತು. ಬಂಡೆ ತಿರುವಿನಲ್ಲಿ ಒತ್ತುವ ಹಾಗೆಯೇ. ತೆಗೆಯಬೇಕು ಅಂದುಕೊಂಡ, ಆಗಲಿಲ್ಲ. ಆಗ ಹೊಟ್ಟೆಯಲ್ಲಿ ಏನೋ ಒಂದು ಚೂರು ಹಗುರಾಯಿತು. ಬೆನ್ನ ಮೇಲಿನ ಒತ್ತಡ ಸಡಿಲಿತು. ಇಂಜಿನ್ನಿನ ಗುಡುಗು ಇಳಿದು ಒಂದೇ ಸಮನೆಯ ಸದ್ದಾಯಿತು. ಎಲ್ಲೋ ಮುಂದೆ, ಮುಚ್ಚಿದ ಬಾಗಿಲಿನ ಆ ಕಡೆ, ಅವನ ಮಗಳು ಮೂತಿಯನ್ನು ಎಷ್ಟು ಬೇಕೋ ಅಷ್ಟೇ ಕೆಳಗೆ ತಂದಿದ್ದಳು. ಲೋಕೇಶ ಬ್ಯಾಗಿನ ಮೇಲಿಂದ ಕಾಲು ತೆಗೆದ. ಕಣ್ಣು ತುಂಬಿ ಬಂತು. ಯಮುನಾ ಡಬ್ಬಿಯನ್ನು ಮಡಿಲಿಗೆತ್ತಿಕೊಂಡಳು.

ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಲಿಖಿತಾಳ ದನಿ ಬಂತು. ಮಳೆಮೋಡದಿಂದಾಗಿ ರನ್‌ವೇ ಕಾಣಲಿಲ್ಲ, ಒಂದು ಸುತ್ತು ಹಾಕಿ ಮತ್ತೆ ಬರುತ್ತೇವೆ ಅಂತ, ಗದ್ದೆಗೆ ಹೋಗಿ ಬರುತ್ತೇನೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ಮೋಡದ ಮೇಲೆ ದೊಡ್ಡದೊಂದು ಸುತ್ತು ಹಾಕುವಾಗ ಲೋಕೇಶ ಸೀಟಿಗೊರಗಿ ಕಣ್ಣು ಮುಚ್ಚಿದ. ಕನಸು ಬರಲಿಲ್ಲ. ಎರಡನೆಯ ಸಲ ಮಳೆ ತೆಳುವಾಗಿತ್ತು, ತೆಂಗಿನ ಮರಗಳು ಕಂಡವು, ಚಕ್ರ ನೆಲಕ್ಕೆ ತಾಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಅವತ್ತಿಗೆ ಅವಳ ಕೆಲಸ ಮುಗಿದಿತ್ತು, ಅವಳೂ ಜೊತೆಗೆ ಊರಿಗೆ ಬರುವವಳಿದ್ದಳು. ಹೊರಗೆ ಜಿನುಗು ಮಳೆಯಲ್ಲಿ ಸಮವಸ್ತ್ರದಲ್ಲೇ ಬಂದು, ಹೆದರಿದಿರಾ ಅಂತ ಕೇಳಿದಳು. ಲೋಕೇಶ ದಾರಿ ಬದಿಯ ಹೂವಿನ ಪಾತಿಗೆ ಬಗ್ಗಿ ಏನೋ ಹುಡುಕಿದ. ಎದ್ದಾಗ ಅವನ ಕೈಯಲ್ಲಿ ಒದ್ದೆಯಾದ ಒಂದು ಕಲ್ಲಿತ್ತು. ಅದನ್ನು ಅಂಗಿಯ ತುದಿಯಲ್ಲಿ ಒರೆಸಿ ಮಗಳ ಅಂಗೈಯಲ್ಲಿಟ್ಟ.

"ಏರಲ್ಲಿ ಬಿಟ್ಟು ಬಂದೆಯಲ್ಲ ಗೂಡೆ," ಅಂದ. "ಇದು ನಿಂದು."

ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಸಂಪಾಜೆ ಘಾಟಿಯ ಉದ್ದಕ್ಕೂ, ಬಸ್ಸು ಮಂಜಿನೊಳಗೆ ಏರುತ್ತಿರುವಾಗ, ಅಪ್ಪನ ಹೆಗಲಿಗೊರಗಿ ನಿದ್ದೆ ಹೋದ ಮೇಲೂ, ಆ ಕಲ್ಲು ಅವಳ ಕೈಯಲ್ಲೇ ಇತ್ತು.